ಮಿಲ್‌ಬ್ಯಾಂಕ್ ಸೆರೆಮನೆ: ತಿದ್ದುವ ಸಂಕಲ್ಪವೂ ಅನ್ನದ ಅಳತೆಯೂ

ಶಿಕ್ಷೆಯೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು: ಕಲಿಸುವುದು ಒಂದು, ದಂಡಿಸುವುದು ಇನ್ನೊಂದು. ಶಿಕ್ಷಕ, ಶಿಕ್ಷಣ ಎಂಬ ಮಾತುಗಳಲ್ಲಿ ಮೊದಲನೆಯ ಅರ್ಥವು ಉಳಿದುಬಂದಿದೆ. ನ್ಯಾಯಸ್ಥಾನದಲ್ಲಿ ಎರಡನೆಯದೇ ರೂಢವಾಗಿದೆ. ಈ ಎರಡನ್ನೂ ಒಂದೇ ಛಾವಣಿಯ ಕೆಳಗೆ ಕೂಡಿಸಬೇಕೆಂಬ ಪ್ರಯತ್ನವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳಲ್ಲಿ ಮೊದಲಾಯಿತು. ಇಂಗ್ಲೆಂಡಿನಲ್ಲಿ ಆ ಪ್ರಯತ್ನದ ಫಲವಾಗಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಎದ್ದ ರಾಷ್ಟ್ರೀಯ ಕಾರಾಗೃಹವೇ ಮಿಲ್‌ಬ್ಯಾಂಕ್. ಅದರ ಪ್ರಸ್ತಾಪ ಬಂದಾಗ ವಿದ್ವಾಂಸರ ಗಮನವು ಸಾಮಾನ್ಯವಾಗಿ ಕಟ್ಟಡದ ಆಕೃತಿಯ ಕಡೆಗೂ, ಅದಕ್ಕೆ ಹಿಂದಣ ತತ್ತ್ವದ ಕಡೆಗೂ ಹರಿಯುತ್ತದೆ. ಆದರೆ ಆ ಸಂಸ್ಥೆಯ ನಿಜವಾದ ಪರೀಕ್ಷೆ ನಡೆದುದು ಅದರ ಅಡಿಗೆಮನೆಯಲ್ಲಿ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1777ರಲ್ಲಿ ಜಾನ್ ಹೊವಾರ್ಡನು ಇಂಗ್ಲೆಂಡಿನ ಸೆರೆಮನೆಗಳ ದುಃಸ್ಥಿತಿಯನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದನು. ಅಷ್ಟರಲ್ಲೇ ಅಮೆರಿಕದ ಸ್ವಾತಂತ್ರ್ಯಸಮರದಿಂದಾಗಿ ಅಪರಾಧಿಗಳನ್ನು ಅಲ್ಲಿಗೆ ಸಾಗಿಸುವುದು ನಿಂತುಹೋಗಿತ್ತು. ಹೀಗಾಗಿ ಏಕಾಂತವಾಸ, ದುಡಿಮೆ, ಧರ್ಮೋಪದೇಶಗಳಿಂದ ಅಪರಾಧಿಗಳನ್ನು ತಿದ್ದುವ ಮನೆಗಳನ್ನು ಕಟ್ಟಬೇಕೆಂದು 1779ರಲ್ಲಿ ಪಾರ್ಲಿಮೆಂಟು ಶಾಸನಮಾಡಿತು. ಆ ಶಾಸನದಂತೆ ಮನೆ ಮಾತ್ರ ಏಳಲಿಲ್ಲ. ಅನಂತರ ಜೆರೆಮಿ ಬೆಂಥಮನು ತನ್ನ ಪ್ರಸಿದ್ಧವಾದ ಪ್ಯಾನಾಪ್ಟಿಕನ್ ಯೋಜನೆಯನ್ನು 1791ರಲ್ಲಿ ಅಚ್ಚುಮಾಡಿಸಿದನು. ನಡುವೆ ಕಾವಲುಗೋಪುರ, ಸುತ್ತಲೂ ವರ್ತುಲಾಕಾರವಾಗಿ ಕೋಣೆಗಳು. ಕಾವಲುಗಾರನು ಬಂದಿಗಳಿಗೆ ಕಾಣದೆ ಅವರೆಲ್ಲರನ್ನೂ ಕಾಣಬಲ್ಲನು. ಸೆರೆಮನೆಯನ್ನು ತಾನೇ ಗುತ್ತಿಗೆ ಹಿಡಿದು, ಬಂದಿಗಳ ದುಡಿಮೆಯಿಂದ ಲಾಭ ಪಡೆಯುವುದಾಗಿಯೂ ಅವನು ಒಪ್ಪಿದ್ದನು. ಅದಕ್ಕಾಗಿ 1799ರಲ್ಲಿ ಮಿಲ್‌ಬ್ಯಾಂಕಿನ ನೆಲವನ್ನು 12,000 ಪೌಂಡುಗಳಿಗೆ ಕೊಂಡದ್ದೂ ಆಯಿತು.

ಆ ಯೋಜನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ನಿಬಂಧನೆಯೊಂದುಂಟು. ಸಹಜವೆಂದು ಎಣಿಸಬಹುದಾದ ಪ್ರಮಾಣವನ್ನು ಮೀರಿ ಬಂದಿಗಳು ಸತ್ತರೆ, ಅಂಥ ಒಂದೊಂದು ಸಾವಿಗೂ ಗುತ್ತಿಗೆದಾರನು ಹಣ ತೆರಬೇಕು. ಬಂದಿಯ ಪ್ರಾಣವನ್ನು ಪಾಲಕನ ಕರುಣೆಗೆ ಬಿಡದೆ ಅವನ ಹಣದ ಚೀಲಕ್ಕೆ ಕಟ್ಟಿಹಾಕಿದ ಉಪಾಯವಿದು. 1811ರಲ್ಲಿ ಜಾರ್ಜ್ ಹೋಲ್ಫರ್ಡನ ಅಧ್ಯಕ್ಷತೆಯಲ್ಲಿ ಕುಳಿತ ಪಾರ್ಲಿಮೆಂಟಿನ ಸಮಿತಿಯು ಗುತ್ತಿಗೆಯ ಪದ್ಧತಿಯನ್ನು ನಿರಾಕರಿಸಿತು. ಲಾಭಕ್ಕಾಗಿ ನಡೆಯುವ ಸೆರೆಮನೆಯಲ್ಲಿ ಲಾಭವೇ ಮುಖ್ಯವಾಗಿ, ತಿದ್ದುವ ಕಾರ್ಯವು ಹಿಂದೆ ಬೀಳುವುದೆಂಬುದು ಅದರ ಅಭಿಪ್ರಾಯ. ಅಭಿಪ್ರಾಯವೇನೋ ನ್ಯಾಯವಾದುದೇ. 1813ರಲ್ಲಿ ಬೆಂಥಮನಿಗೆ 23,000 ಪೌಂಡುಗಳ ಪರಿಹಾರ ಸಂದಿತು. ಅವನ ಗುತ್ತಿಗೆಯೊಡನೆ ಸಾವಿಗೆ ಹಣ ತೆರಬೇಕೆಂಬ ನಿಬಂಧನೆಯೂ ಹೋಯಿತು.

ಕಟ್ಟಡವು ಮಧ್ಯದ ಷಟ್ಕೋನವೊಂದನ್ನು ಆರು ಪಂಚಕೋನಗಳು ಸುತ್ತುವರಿದ ಆಕೃತಿಯದು, ನಡುವೆ ಪ್ರಾರ್ಥನಾಮಂದಿರ. ನದಿಯಂಚಿನ ಜೌಗುನೆಲವಾದಕಾರಣ ಗೋಡೆಗಳು ಬಿರುಕುಬಿಟ್ಟವು. ರಾಬರ್ಟ್ ಸ್ಮರ್ಕನೆಂಬ ಶಿಲ್ಪಿಯು ಕಾಂಕ್ರೀಟಿನ ತಳಹದಿ ಹಾಕಿ ಕೆಲಸವನ್ನು ಮುಂದುವರಿಸಬೇಕಾಯಿತು. ನ್ಯೂಗೇಟ್ ಸೆರೆಮನೆಯಿಂದ ಬಂದ ಸ್ತ್ರೀಯರು 1816ರ ಜೂನಿನಲ್ಲಿ ಇಲ್ಲಿಯ ಮೊದಲ ಬಂದಿಗಳಾದರು. ಕಟ್ಟಡ ಮುಗಿದುದು 1821ರಲ್ಲಿ; ತಗುಲಿದ ವೆಚ್ಚ ಸುಮಾರು ಐದು ಲಕ್ಷ ಪೌಂಡು. ದ್ವೀಪಾಂತರ ಶಿಕ್ಷೆಗೆ ಗುರಿಯಾದವರಲ್ಲಿ ಸುಧಾರಿಸಬಲ್ಲರೆಂದು ತೋರಿದವರನ್ನು ಆರಿಸಿ ಇಲ್ಲಿಗೆ ಕಳುಹಿಸುತ್ತಿದ್ದರು. ಅವಧಿಯ ಮೊದಲರ್ಧದಲ್ಲಿ ಪ್ರತ್ಯೇಕ ವಾಸ, ಉತ್ತರಾರ್ಧದಲ್ಲಿ ಇತರರೊಡನೆ ಕೂಡಿ ಕೆಲಸ ಎಂಬುದು ಕ್ರಮ. ಹೊಲಿಗೆ, ನೇಯ್ಗೆ, ಪಾದರಕ್ಷೆಗಳ ತಯಾರಿಕೆ ಮುಂತಾದುವನ್ನು ಮಾಡಿಸುತ್ತಿದ್ದರು. ಗಳಿಕೆಯಲ್ಲಿ ಒಂದು ಪಾಲು ಬಂದಿಯ ಲೆಕ್ಕಕ್ಕೆ ಸೇರುತ್ತಿತ್ತು.

ಅಲ್ಲಿ ಊಟವು ಮೊದಮೊದಲು ತಕ್ಕಮಟ್ಟಿಗೆ ಸಮೃದ್ಧವಾಗಿತ್ತು. ಹೊರಗಿನ ಬಡವನಿಗಿಲ್ಲದ ಮಾಂಸವು ಒಳಗಿನ ಕಳ್ಳನಿಗೇಕೆ ಎಂಬ ಆಕ್ಷೇಪ ಎದ್ದಿತು. ಹೋಲ್ಫರ್ಡನು ಕಳ್ಳರನ್ನು ಕೊಬ್ಬಿಸುವ ಮನೆ ಕಟ್ಟಿದನೆಂದು ಜನ ಹಾಸ್ಯಮಾಡಿದರು. 1822ರ ಜುಲೈ ತಿಂಗಳಲ್ಲಿ ಆಹಾರವನ್ನು ಕುಗ್ಗಿಸಲಾಯಿತು. ಆಲೂಗೆಡ್ಡೆಯು ಬಹುಮಟ್ಟಿಗೆ ನಿಂತುಹೋಯಿತು, ಮಾಂಸಕ್ಕೆ ಬದಲು, ಸುಮಾರು ನೂರು ಪುರುಷರಿಗೆ ಒಂದು ಎತ್ತಿನ ತಲೆಯಂತೆ ಬೇಯಿಸಿದ ಸಾರು ಬಂದಿತು, ಉಳಿದುದು ಬ್ರೆಡ್ಡು. ಚಳಿಗಾಲ ಬರುವ ಹೊತ್ತಿಗೆ ಬಂದಿಗಳು ಬಿಳಿಚಿಕೊಂಡು ಬಲಗುಂದಿದರು. 1823ರ ಆದಿಯಲ್ಲಿ ಸ್ಕರ್ವಿರೋಗವೂ, ಅದರೊಡನೆ ಆಮಶಂಕೆಯೂ ಹಬ್ಬಿ, ಅಲ್ಲಿದ್ದ 850ಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧಕ್ಕಿಂತ ಮಿಗಿಲಾದವರು ಹಾಸಿಗೆಹಿಡಿದರು.

ಸರ್ಕಾರವು ಲೇಥಮ್, ರೋಜೆ ಎಂಬ ಇಬ್ಬರು ವೈದ್ಯರನ್ನು ನಿಯಮಿಸಿತು. ಈ ರೋಜೆಯೇ ಮುಂದೆ 1852ರಲ್ಲಿ ಇಂಗ್ಲಿಷ್ ಭಾಷೆಯ ಪ್ರಸಿದ್ಧವಾದ ಪರ್ಯಾಯಪದಕೋಶವನ್ನು ಪ್ರಕಟಿಸಿದವನು. ಲೇಥಮನು 1825ರಲ್ಲಿ ಪ್ರಕಟಿಸಿದ ವರದಿಯು ನಮ್ಮ ವಿಷಯಕ್ಕೆ ಮುಖ್ಯವಾದ ಆಧಾರ. ಅಧಿಕಾರಿಗಳೂ ಬಂದಿಗಳೂ ಒಂದೇ ಜೌಗುನೆಲದ ಮೇಲಿದ್ದರು, ಒಂದೇ ಗಾಳಿಯನ್ನು ಉಸಿರಾಡುತ್ತಿದ್ದರು. ಆದರೂ ಅಧಿಕಾರಿಗಳಿಗಾಗಲಿ ಅವರ ಕುಟುಂಬದವರಿಗಾಗಲಿ ಸ್ಕರ್ವಿ ತಗುಲಲಿಲ್ಲ. ಬಂದಿಗಳಲ್ಲಿಯೂ, ಹೆಚ್ಚಿನ ಆಹಾರ ದೊರೆಯುತ್ತಿದ್ದ ಅಡಿಗೆಮನೆಯ ಕೆಲಸದವರು ಬಹುಮಟ್ಟಿಗೆ ಪಾರಾಗಿದ್ದರು. ಅಂದಮೇಲೆ ಸ್ಕರ್ವಿಗೆ ಕಾರಣವು ನೆಲವಲ್ಲ, ತಟ್ಟೆ. ಮಾಂಸವನ್ನೂ ಕಿತ್ತಳೆಹಣ್ಣನ್ನೂ ಕೊಡಲು ಸ್ಕರ್ವಿ ಇಳಿಯಿತು. ಆಮಶಂಕೆ ಮಾತ್ರ ಬಿಡಲಿಲ್ಲ. ಕೊನೆಗೆ ಪುರುಷರನ್ನು ವುಲಿಚ್ ಬಳಿಯ ಹಳೆಯ ಹಡಗುಗಳಿಗೂ, ಸ್ತ್ರೀಯರನ್ನು ರೀಜೆಂಟ್ಸ್ ಪಾರ್ಕಿಗೂ ಸಾಗಿಸಿ ಸೆರೆಮನೆಯನ್ನೇ ತೆರವುಮಾಡಬೇಕಾಯಿತು. ಅದು ಪುನಃ ತೆರೆದುದು 1824ರಲ್ಲಿ.

ಇದನ್ನು ಆ ಕಾಲದ ಅಜ್ಞಾನವೆಂದು ಕ್ಷಮಿಸುವುದು ಸುಲಭ. ಆದರೆ ಪೂರ್ತಿ ಸರಿಯಲ್ಲ. ಜೀವಸತ್ತ್ವಗಳ ತಿಳಿವಳಿಕೆ ಅಂದು ಇರಲಿಲ್ಲ, ನಿಜ. ಆದರೆ ಅದೇ ರಾಷ್ಟ್ರದ ನೌಕಾಪಡೆಯು ಸ್ಕರ್ವಿಯನ್ನು ತಡೆಯಲೆಂದು 1795ರಿಂದಲೇ ನಾವಿಕರಿಗೆ ನಿಂಬೆಯ ರಸವನ್ನು ಕೊಡುತ್ತಿತ್ತು. ನಾವಿಕನು ರಾಷ್ಟ್ರಕ್ಕೆ ಬೇಕಾದವನು. ಬಂದಿಯ ಊಟವನ್ನು ಅಳೆದ ಕೋಲು ಬೇರೆ. ಹೊರಗಿನ ಬಡವನಿಗಿಂತ ಅವನಿಗೆ ಕಡಮೆಯಿರಬೇಕೆಂಬುದೇ ಆ ಕೋಲು. ಹೊರಗಿನವನು ಹಸಿದರೆ ದುಡಿದೋ ಬೇಡಿಯೋ ಒಂದು ಗೆಡ್ಡೆಯನ್ನು ತಂದಾನು. ಬೀಗದೊಳಗಿನವನಿಗೆ ಆ ದಾರಿಯಿಲ್ಲ. ಮಿಲ್‌ಬ್ಯಾಂಕಿನಲ್ಲಿ ವೈದ್ಯನಾಗಿದ್ದ ವಿಲಿಯಂ ಬೇಲಿಯು, ಆಲೂಗೆಡ್ಡೆ ಕೊಡುವ ಸೆರೆಮನೆಗಳನ್ನೂ ಕೊಡದವುಗಳನ್ನೂ ಹೋಲಿಸಿ, ಸ್ಕರ್ವಿಯನ್ನು ತಡೆಯುವ ಗುಣ ಆ ಗೆಡ್ಡೆಗೆ ಉಂಟೆಂದು 1843ರಲ್ಲಿ ತೋರಿಸಿಕೊಟ್ಟನು. 1822ರಲ್ಲಿ ಉಳಿತಾಯವೆಂದು ತೆಗೆದುಹಾಕಿದ ಪದಾರ್ಥಗಳಲ್ಲಿ ಅದೂ ಒಂದು.

ಮುಂದಿನ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಹುದು. 1837ರಲ್ಲಿ ಪಾದ್ರಿಯಾದ ಡೇನಿಯಲ್ ನಿಹಿಲನೇ ಗೌರ್ನರನಾಗಿ ಏಕಾಂತವನ್ನು ಬಿಗಿಗೊಳಿಸಲು, ಚಿತ್ತಭ್ರಮೆಯ ಪ್ರಸಂಗಗಳು ಹೆಚ್ಚಿ ಆ ನಿಯಮವನ್ನು ಸಡಿಲಿಸಬೇಕಾಯಿತು. 1843ರ ಶಾಸನದಿಂದ ತಿದ್ದುವ ಮನೆಯೆಂಬ ಹೆಸರೂ ಹೋಗಿ, ದ್ವೀಪಾಂತರಕ್ಕೆ ಹೋಗುವವರನ್ನು ಕೂಡಿಹಾಕುವ ತಂಗುದಾಣವಾಯಿತು. 1890ರಲ್ಲಿ ಮುಚ್ಚಿದ ಆ ಸೆರೆಮನೆಯ ನೆಲದಲ್ಲಿ 1897ರಲ್ಲಿ ಟೇಟ್ ಚಿತ್ರಶಾಲೆ ತೆರೆಯಿತು.

ಮಿಲ್‌ಬ್ಯಾಂಕನ್ನು ಕಟ್ಟಿದವರು ಕ್ರೂರಿಗಳಲ್ಲ. ಲಾಭದಾಸೆಯನ್ನು ದೂರವಿಟ್ಟ ಸದುದ್ದೇಶದವರು. ಆದರೆ ಬಂದಿಯ ಪ್ರಾಣಕ್ಕೆ ಇಂಥವರು ಹೊಣೆಯೆಂದು ಎಲ್ಲಿಯೂ ಗೊತ್ತುಮಾಡದೆ, ಅವನ ಆತ್ಮದ ಸುಧಾರಣೆಗೆ ವಿವರವಾದ ನಿಯಮಗಳನ್ನು ಬರೆದರು. ಉಪದೇಶವೂ ಕೈಕಸುಬೂ ಫಲಿಸಬೇಕಾದರೆ ಮೊದಲು ಕೇಳುವವನಿಗೆ ನಿಲ್ಲುವ ಶಕ್ತಿ ಬೇಕು. ಆದಕಾರಣ ಸೆರೆಮನೆಗಳ ಚರಿತ್ರೆಯನ್ನು ಬರೆಯುವವರು ಅವುಗಳ ನಕ್ಷೆಗಳನ್ನೂ ತತ್ತ್ವಗಳನ್ನೂ ಓದುವಷ್ಟೇ ಶ್ರದ್ಧೆಯಿಂದ ಅವುಗಳ ಪಡಿಯ ಪಟ್ಟಿಗಳನ್ನೂ ಓದುವುದು ಅವಶ್ಯಕ.