ಮಿಶ್ರವಾಹನದಲ್ಲಿ ಶಕ್ತಿವಿಭಾಗದ ಇತಿಹಾಸ

ಪೆಟ್ರೋಲ್ ಎಂಜಿನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ವಾಹನಕ್ಕೆ ಹೂಡುವ ಪ್ರಯತ್ನವು ಇತ್ತೀಚಿನದೆಂಬ ಅಭಿಪ್ರಾಯವು ಸಾಧುವಲ್ಲ. 1900ರಲ್ಲಿಯೇ ವಿಯೆನ್ನಾದ ಲೋಹ್ನರ್ ಕಾರ್ಖಾನೆಯಲ್ಲಿ ಫರ್ಡಿನಂಡ್ ಪೋರ್ಷೆಯು ‘ಸೆಂಪರ್ ವೀವುಸ್’ ಎಂಬ ವಾಹನವನ್ನು ನಿರ್ಮಿಸಿದನು. ಅದರ ಎಂಜಿನುಗಳಿಗೂ ಗಾಲಿಗಳಿಗೂ ನೇರವಾದ ಸಂಬಂಧವಿರಲಿಲ್ಲ; ಅವು ವಿದ್ಯುತ್ತನ್ನು ಉತ್ಪಾದಿಸುತ್ತಿದ್ದುವು, ಮುಂಗಾಲಿಗಳೊಳಗಣ ಮೋಟಾರುಗಳು ವಾಹನವನ್ನು ಎಳೆಯುತ್ತಿದ್ದುವು. ಭಾರವಾದ ಬ್ಯಾಟರಿಯನ್ನು ಕಿರಿದುಮಾಡಿದುದು ಇದರ ಗುಣ. ಶಕ್ತಿಯು ಎರಡು ಬಾರಿ ರೂಪಾಂತರ ಹೊಂದುವಾಗ ನಷ್ಟವಾಗುತ್ತಿದ್ದುದು ದೋಷ.

ಬೆಲ್ಜಿಯಂ ದೇಶದ ಲಿಯೇಜ್ ನಗರದ ಆನ್ರಿ ಪೀಪರನು 1905ರಲ್ಲಿ ಅರ್ಜಿ ಸಲ್ಲಿಸಿ 1909ರಲ್ಲಿ ಪಡೆದ ಅಮೆರಿಕೆಯ ಪೇಟೆಂಟಿನ ಕ್ರಮವು ಬೇರೆ. ಅಲ್ಲಿ ಎಂಜಿನೇ ಗಾಲಿಗಳನ್ನು ತಿರುಗಿಸುವುದು. ಹೊರೆ ಹೆಚ್ಚಿದಾಗ ಮೋಟಾರು ನೆರವಾಗುವುದು, ತಗ್ಗಿದಾಗ ಅದೇ ಡೈನಮೋ ಆಗಿ ಬ್ಯಾಟರಿಯನ್ನು ತುಂಬುವುದು. ನಷ್ಟವೇನೋ ಕಡಮೆ, ಆದರೆ ಎಂಜಿನಿನ ವೇಗವು ಗಾಲಿಯ ವೇಗಕ್ಕೆ ಅಧೀನವಾಯಿತು.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟ ಪ್ರಿಯಸ್ ಎರಡು ಕ್ರಮಗಳನ್ನೂ ಸಮನ್ವಯಗೊಳಿಸಿತು. ಸೂರ್ಯನ ಸುತ್ತಣ ಗ್ರಹಗಳಂತೆ ತಿರುಗುವ ಅದರ ಹಲ್ಲುಗಾಲಿಗಳು ಎಂಜಿನಿನ ಬಲವನ್ನು ವಿಭಾಗಿಸಿ, ಒಂದು ಪಾಲನ್ನು ಗಾಲಿಗಳಿಗೂ ಇನ್ನೊಂದನ್ನು ಡೈನಮೋವಿಗೂ ಕೊಡುವುವು.

ಆದುದರಿಂದ ಈ ಚರಿತ್ರೆಯು ಹೊಸ ಅಂಗಗಳ ಶೋಧನೆಗಿಂತ ಅಂಗಗಳ ಪ್ರಮಾಣನಿರ್ಣಯದ ಚರಿತ್ರೆಯೆನ್ನುವುದು ಯುಕ್ತ. ಬ್ಯಾಟರಿಯನ್ನು ಹಿಗ್ಗಿಸಿದರೆ ಅದರ ತೂಕವನ್ನು ಎಂಜಿನೂ ಮೋಟಾರೂ ಹೊರಬೇಕು. ಕುಗ್ಗಿಸಿದರೆ ಮೋಟಾರಿನ ನೆರವು ಬೇಗ ಮುಗಿಯುವುದು. ಈ ಹಂಚಿಕೆಯನ್ನು ಕ್ಷಣಕ್ಷಣಕ್ಕೂ ಗಣಿಸಬಲ್ಲ ಕಂಪ್ಯೂಟರು ಪೋರ್ಷೆಗೂ ಪೀಪರನಿಗೂ ಇರಲಿಲ್ಲ. ತತ್ತ್ವವು ಮಾತ್ರ ಅವರಿಗೆ ತಿಳಿದಿದ್ದಿತು.