ದೂರದ ಕಣಜದಲ್ಲಿ ನಮ್ಮ ಲೆಕ್ಕ

ಕೊಡಗಿನ ಚೆಟ್ಟಳ್ಳಿ ಕಾಫಿಯ ಊರು. 1946ರಲ್ಲಿ ಇಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಸ್ಥಾಪನೆಯಾಯಿತು. ಆ ಹೊತ್ತಿಗೆ ಸುತ್ತಲಿನ ಬೆಳೆಗಾರರು ಒಂದು ಹೊಸ ವ್ಯವಸ್ಥೆಗೆ ಒಗ್ಗಿಕೊಳ್ಳುತ್ತಿದ್ದರು. ತೋಟ ಅವರದು, ಬೆಳೆ ಅವರದು. ಆದರೆ ಮಾರುವ ಹಕ್ಕು ಮಾತ್ರ ಅವರದಾಗಿರಲಿಲ್ಲ.

ಎರಡನೆಯ ಮಹಾಯುದ್ಧದಿಂದಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿ, ಕಾಫಿ ಕೊಳ್ಳುವವರಿಲ್ಲದಾಯಿತು. ಬೆಳೆಗಾರನನ್ನು ಉಳಿಸಲು 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯಿದೆಯೂ ಬಂದವು. ಬಿತ್ತನೆಗೆ ಮತ್ತು ಮನೆಯ ಬಳಕೆಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕ ಕಾಫಿಯೆಲ್ಲ ಮಂಡಳಿಯ ‘ಪೂಲ್’ಗೆ ಹೋಗಬೇಕು, ಮಂಡಳಿ ಹರಾಜಿನಲ್ಲಿ ಮಾರಿ ಹಣವನ್ನು ಕಂತುಗಳಲ್ಲಿ ಹಂಚಬೇಕು. ಕಷ್ಟಕಾಲದಲ್ಲಿ ಈ ಏರ್ಪಾಡು ಆಸರೆಯಾಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಯುದ್ಧ ಮುಗಿದ ಮೇಲೂ ಅದು ದಶಕಗಟ್ಟಲೆ ಮುಂದುವರಿಯಿತು. ಬೆಳೆಗಾರ ತನ್ನ ಬೆಳೆಯ ಕೊನೆಯ ಕಂತಿಗಾಗಿ ದೂರದ ಕಚೇರಿಯತ್ತ ನೋಡುತ್ತ ಕೂರಬೇಕಾಯಿತು.

ಈ ಹಳೆಯ ಕಥೆ ಇಂದಿನ ವ್ಯಾಪಾರಸ್ಥರಿಗೂ ಪ್ರಸ್ತುತ. ಕಾಫಿಯ ಬದಲು ಈಗ ದೂರದ ಕಣಜಕ್ಕೆ ಹೋಗುತ್ತಿರುವುದು ಕಚೇರಿಯ ಲೆಕ್ಕ. ‘ಕ್ಲೌಡ್ ವರ್ಚುವಲ್ ಡೆಸ್ಕ್‌ಟಾಪ್’ ಎಂದರೆ ಇಷ್ಟೇ: ಮೇಜಿನ ಮೇಲೆ ಪರದೆ ಮತ್ತು ಕೀಲಿಮಣೆ ಇರುತ್ತವೆ, ನಿಜವಾದ ಗಣಕ, ಅದರ ತಂತ್ರಾಂಶ ಮತ್ತು ಕಡತಗಳು ದೂರದ ನಗರದ ದತ್ತಾಂಶ ಕೇಂದ್ರದಲ್ಲಿರುತ್ತವೆ. ಅಲ್ಲಿ ನಡೆದ ಕೆಲಸದ ಚಿತ್ರ ಮಾತ್ರ ತಂತಿಯ ಮೂಲಕ ಇಲ್ಲಿಗೆ ಬರುತ್ತದೆ.

ಈ ಆಲೋಚನೆ ಹೊಸದಲ್ಲ. ಒಂದೇ ದೊಡ್ಡ ಗಣಕವನ್ನು ಹಲವರು ಹಂಚಿಕೊಂಡು ಬಳಸುವ ಪದ್ಧತಿಯನ್ನು ಅಮೆರಿಕದ ಎಂಐಟಿಯಲ್ಲಿ 1961ರಲ್ಲೇ ತೋರಿಸಲಾಗಿತ್ತು. ದೂರವಾಣಿಯಂತೆ ಗಣಕ ಶಕ್ತಿಯೂ ಮುಂದೊಮ್ಮೆ ಸಾರ್ವಜನಿಕ ಸೇವೆಯಾಗಬಹುದೆಂದು ಜಾನ್ ಮೆಕಾರ್ಥಿ ಅದೇ ವರ್ಷ ಹೇಳಿದರು. 1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಬಂದು ಗಣಕವನ್ನು ಬಳಸುವವನ ಮೇಜಿಗೇ ತಂದಿತು. ಈಗ ಚಕ್ರ ಮತ್ತೆ ತಿರುಗಿದೆ. ಅಮೆಜಾನ್ 2014ರಲ್ಲಿ, ಮೈಕ್ರೋಸಾಫ್ಟ್ 2019ರಲ್ಲಿ ಇಂಥ ಬಾಡಿಗೆ ಡೆಸ್ಕ್‌ಟಾಪುಗಳನ್ನು ಗ್ರಾಹಕರಿಗೆ ಒದಗಿಸಲು ತೊಡಗಿದವು. 2020ರ ಕೋವಿಡ್ ದಿನಗಳಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇದು ವರವೇ ಆಯಿತು. ಲ್ಯಾಪ್‌ಟಾಪ್ ಕಳುವಾದರೂ ಕಡತ ಕಳೆಯದು. ದುರಸ್ತಿಯ ತಲೆನೋವು ಕಡಿಮೆ.

ತೊಡಕು ಇರುವುದು ನಡುವಿನ ದಾರಿಯಲ್ಲಿ. ಸ್ವಂತ ಗಣಕಕ್ಕೆ ವಿದ್ಯುತ್ ಇದ್ದರೆ ಸಾಕು. ಬಾಡಿಗೆ ಗಣಕಕ್ಕೆ ವಿದ್ಯುತ್ತೂ ಬೇಕು, ಅಂತರ್ಜಾಲದ ಸಂಪರ್ಕವೂ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆ, ವಿದ್ಯುತ್, ದೂರವಾಣಿ ಕಡಿದುಹೋದದ್ದನ್ನು ಜಿಲ್ಲೆ ಮರೆತಿಲ್ಲ. ಅಷ್ಟು ದೊಡ್ಡ ವಿಪತ್ತೇ ಆಗಬೇಕೆಂದಿಲ್ಲ, ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೂ ಸಾಕು. ತೋಟದ ರೈಟರ್ ಕೈಯಲ್ಲಿ ಚೆಕ್‌ರೋಲ್ ಪುಸ್ತಕವಿದ್ದರೆ ಕತ್ತಲಲ್ಲೂ ದೀಪ ಹಚ್ಚಿ ಬಟವಾಡೆ ಮಾಡಬಹುದು. ಹಾಜರಿಯೆಲ್ಲ ದೂರದ ಗಣಕದಲ್ಲಿದ್ದರೆ ಕೂಲಿಯವರು ಸಂಪರ್ಕ ಬರುವ ತನಕ ಕಾಯಬೇಕು.

ಸಂಪರ್ಕವಿದ್ದೂ ಅದು ನಿಧಾನವಾಗಿದ್ದರೆ ಇನ್ನೊಂದು ಕಿರಿಕಿರಿ. ಒತ್ತಿದ ಪ್ರತಿಯೊಂದು ಅಕ್ಷರವೂ ನೂರಾರು ಕಿಲೋಮೀಟರ್ ಹೋಗಿ ಬಂದ ಮೇಲೆಯೇ ಪರದೆಯಲ್ಲಿ ಮೂಡುತ್ತದೆ. ಪ್ರಿಂಟರ್, ಬೆರಳಚ್ಚು ಸಾಧನ, ತೂಕದ ಯಂತ್ರಗಳು ಇಲ್ಲಿರುತ್ತವೆ, ಗಣಕ ಅಲ್ಲಿರುತ್ತದೆ. ಇವನ್ನು ಬೆಸೆಯಲು ಬೇರೆಯೇ ಏರ್ಪಾಡು ಬೇಕು. ಇನ್ನು ಖರ್ಚು. ಕೊಂಡ ಗಣಕ ಹಳತಾದರೂ ನಾಲ್ಕಾರು ವರ್ಷ ದುಡಿಯುತ್ತದೆ. ಬಾಡಿಗೆ ಗಣಕಕ್ಕೆ ಸಾಮಾನ್ಯವಾಗಿ ತಲೆಗಿಷ್ಟು, ತಿಂಗಳಿಗಿಷ್ಟು ಎಂದು ಕೊಡುತ್ತಲೇ ಇರಬೇಕು. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಬಿಡುವಿಲ್ಲದ ವ್ಯವಹಾರ ಇರುವವರು ಇದನ್ನು ಲೆಕ್ಕ ಹಾಕಿಯೇ ನೋಡಬೇಕು.

ಒಂದೇ ಕೇಂದ್ರವನ್ನು ಎಲ್ಲರೂ ನಂಬಿದಾಗ ಅಲ್ಲಿನ ಜ್ವರ ಎಲ್ಲರಿಗೂ ಹಬ್ಬುತ್ತದೆ. ಆಸ್ತಿ ನೋಂದಣಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ತಂದ ‘ಕಾವೇರಿ 2.0’ ವರ್ಚುವಲ್ ಡೆಸ್ಕ್‌ಟಾಪ್ ಅಲ್ಲ. ಆದರೆ ಅದೂ ಕೇಂದ್ರವನ್ನು ನಂಬಿದ ವ್ಯವಸ್ಥೆಯೇ. 2025ರ ಆರಂಭದಲ್ಲಿ ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿದಾಗ ರಾಜ್ಯದ ಉಪನೋಂದಣಿ ಕಚೇರಿಗಳ ಕೆಲಸ ಹದಗೆಟ್ಟಿತು. ಕಚೇರಿಯಲ್ಲಿ ಸಿಬ್ಬಂದಿ ಇದ್ದರು, ಕೊಳ್ಳುವವರು ಮಾರುವವರು ಬಂದಿದ್ದರು. ಕೆಲಸ ಮಾತ್ರ ಸಾಗಲಿಲ್ಲ.

ಯಂತ್ರ ಸರಿಯಾಗಿಯೇ ಇದ್ದು ಬಾಗಿಲು ಮುಚ್ಚುವ ಸಂದರ್ಭವೂ ಉಂಟು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯಲ್ಲಿ ರಷ್ಯದ ರೋಸ್‌ನೆಫ್ಟ್‌ಗೆ ಪಾಲಿದೆ. 2025ರ ಜುಲೈನಲ್ಲಿ ಯೂರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದ ಬೆನ್ನಿಗೇ ಮೈಕ್ರೋಸಾಫ್ಟ್ ಅದಕ್ಕೆ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟು ಪಡೆದ ಸೇವೆ, ತನ್ನದೇ ದತ್ತಾಂಶ. ಆದರೂ ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತೆನ್ನಿ. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದರು. ಹತ್ತು ಜನರ ಕಚೇರಿಗೆ ಇಂಥ ಗತಿ ಬಂದರೆ ಯಾರನ್ನು ಕೇಳುವುದು?

ಕಾಫಿ ಪೂಲ್ ಮುಗಿದ ಬಗೆ ಇಲ್ಲಿ ಬೆಳಕು ಚೆಲ್ಲುತ್ತದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ ಒಡೆಯಿತು. ಪೂಲನ್ನೇ ನಂಬಿದ್ದ ಬೆಳೆಗಾರನಿಗೆ ಎರಡೂ ಪೆಟ್ಟು ತಟ್ಟಿದವು. ಬಿಡುಗಡೆಯೂ ಒಂದೇ ದಿನದಲ್ಲಿ ಬರಲಿಲ್ಲ. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ತಾನೇ ಮಾರಿಕೊಳ್ಳಲು ಅವಕಾಶ ಸಿಕ್ಕಿತು. ಆ ಪಾಲು ಮೆಟ್ಟಿಲು ಮೆಟ್ಟಿಲಾಗಿ ಏರಿ, 1996ರಲ್ಲಿ ಎಲ್ಲ ಬೆಳೆಗಾರರೂ ತಮ್ಮ ಇಡೀ ಬೆಳೆಗೆ ತಾವೇ ಒಡೆಯರಾದರು. ಒಳಗೆ ಹೋಗುವುದು ಸುಲಭ, ಹೊರಬರುವುದಕ್ಕೆ ವರ್ಷಗಳು ಬೇಕು ಎಂಬುದು ಅದರ ಪಾಠ.

ಹಾಗೆಂದು ಕ್ಲೌಡನ್ನೇ ದೂರವಿಡಬೇಕೆಂದಲ್ಲ. ಕಷ್ಟಕಾಲದಲ್ಲಿ ಪೂಲ್ ಉಪಕಾರ ಮಾಡಿದಂತೆ ಇದೂ ಮಾಡುತ್ತದೆ. ಆದರೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಸಂಪರ್ಕ ಕಡಿದ ದಿನ ಯಾವ ಕೆಲಸ ನಡೆಯಲೇಬೇಕು? ಲೆಕ್ಕದ ಇನ್ನೊಂದು ಪ್ರತಿ ಸ್ವಂತ ಕೈಯಲ್ಲಿದೆಯೇ? ಬಿಟ್ಟು ಬರುವಾಗ ಕಡತಗಳು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಮರಳುತ್ತವೆ? ಕಣಜ ಎಲ್ಲೇ ಇರಲಿ, ಬಿತ್ತನೆಗೆ ಬೇಕಾದಷ್ಟನ್ನು ಪೂಲಿನ ಕಾಯಿದೆಯೂ ಮನೆಯಲ್ಲೇ ಬಿಟ್ಟಿತ್ತು.