ಸಿಮ್ಲಾದ ಡಾಕ್ಟರೂ ತುಕ್ಕು ಹಿಡಿದ ಎಲೆಗಳೂ

ಅಡಿಕೆಗೆ ಕೊಳೆರೋಗ ಬಂದರೆ ಊರೆಲ್ಲ ಅದೇ ಮಾತು. ಪಕ್ಕದ ಗುಡ್ಡದ ಯಾವುದೋ ಕಾಡುಗಿಡದ ಎಲೆ ಮೇಲೆ ಹಳದಿ ಚುಕ್ಕೆ ಎದ್ದರೆ ಕೇಳೋರು ಯಾರು? ನಾನೇ ಎಷ್ಟೋ ಸಲ ಅಂಥ ಎಲೆ ಕಿತ್ತು, ನೋಡಿ, ಬಿಸಾಕಿದ್ದೇನೆ. ಹಾಗೆ ಬಿಸಾಕದ ಒಬ್ಬನ ಬಗ್ಗೆ ಬರೆಯೋಣ ಅನ್ನಿಸ್ತು.

ಹೆಸರು ಆರ್ಥರ್ ಬಾರ್ಕ್ಲೆ. ಬ್ರಿಟಿಷ್ ಸರ್ಕಾರದ ವೈದ್ಯ. 1880ರ ದಶಕದಲ್ಲಿ ಸಿಮ್ಲಾದ ಸುತ್ತ ತುಕ್ಕುರೋಗ ಹಿಡಿದ ಗಿಡಗಳನ್ನು ಹುಡುಕ್ತಿದ್ದ. ಸಾಮ್ರಾಜ್ಯದ ಬೇಸಿಗೆ ರಾಜಧಾನಿಯಲ್ಲಿ ಎಂಥಾ ಹವ್ಯಾಸ ನೋಡಿ! 1887ರಿಂದ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಜರ್ನಲ್‌ನಲ್ಲಿ ಆತ ಕಂಡ ತುಕ್ಕು ಶಿಲೀಂಧ್ರಗಳ ವಿವರಗಳು ಕಂತುಕಂತಾಗಿ ಬಂದವು.

ಬರೀ ಪಟ್ಟಿಯಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ತಿರಲಿಲ್ಲ. ತುಕ್ಕು ಶಿಲೀಂಧ್ರಗಳಲ್ಲಿ ಒಂದು ಪೇಚಿದೆ. ಎಷ್ಟೋ ಜಾತಿಗಳಿಗೆ ಬದುಕಲು ಎರಡು ಬೇರೆಬೇರೆ ಗಿಡ ಬೇಕು, ಒಂದೊಂದರ ಮೇಲೆ ಒಂದೊಂದು ವೇಷ. ಗೋಧಿಯ ಕಪ್ಪು ತುಕ್ಕು ಬಾರ್ಬೆರಿ ಪೊದೆಯಲ್ಲೂ ಇರುತ್ತೆ ಅಂತ ಜರ್ಮನಿಯ ಡಿ ಬಾರಿ ತೋರಿಸಿದ್ದು 1865ರ ಸುಮಾರಿಗೆ. ಹಿಮಾಲಯದ ಕಾಡಲ್ಲಿ ನೂರಾರು ಗಿಡ. ಜೋಡಿ ಯಾವುದು ಅಂತ ಹೇಳೋದು ಹೇಗೆ? ಗೊತ್ತಾಗದಿದ್ದರೆ ಒಂದೇ ಜೀವಿ ಎರಡು ಹೆಸರಲ್ಲಿ ದಾಖಲಾಗಿಬಿಡುತ್ತೆ.

ಅಲ್ಲಿನ ಸೈಪ್ರಸ್ ಮರದ ರೆಂಬೆಗಳಲ್ಲಿ ಒಂದು ತುಕ್ಕಿದೆ. ಮಳೆ ಬಿದ್ದರೆ ಉಬ್ಬಿ ಕಿತ್ತಳೆ ಬಣ್ಣದ ಜೆಲ್ಲಿ ಥರ ಆಗುತ್ತೆ. ಅದರಿಂದ ಹೊರಟ ಬೀಜಕಣ ಸೈಪ್ರಸ್‌ಗೆ ಹತ್ತೋದಿಲ್ಲ, ಗಾಳಿಯಲ್ಲಿ ಹೋಗಿ ಕಾಡು ಪೇರ್ ಗಿಡದ ಎಲೆ ಹಿಡಿಯುತ್ತೆ. ಅಲ್ಲಿ ಚುಕ್ಕೆ ಎದ್ದು, ಎಲೆಯಡಿ ಬೇರೆಯದೇ ಥರದ ಬೀಜಕಣ ಹುಟ್ಟಿ, ಮತ್ತೆ ಸೈಪ್ರಸ್‌ಗೆ! ಬಾರ್ಕ್ಲೆ 1890ರಲ್ಲಿ ಇದರ ಇಡೀ ಜೀವನಚಕ್ರ ಬರೆದು ಜಿಮ್ನೋಸ್ಪೊರಾಂಜಿಯಂ ಕನಿಂಗ್‌ಹ್ಯಾಮಿಯಾನಂ ಅಂತ ಹೆಸರಿಟ್ಟ. ಕಲ್ಕತ್ತೆಯಲ್ಲಿ ಕಾಲರಾ ಬಗ್ಗೆ ಸಂಶೋಧನೆ ಮಾಡ್ತಿದ್ದ ವೈದ್ಯ ಡಿ. ಡಿ. ಕನಿಂಗ್‌ಹ್ಯಾಮ್‌ನ ನೆನಪಿಗೆ. (ಹೆಸರು ಹೇಳೋಷ್ಟರಲ್ಲಿ ನನ್ನ ನಾಲಿಗೆಯೇ ತುಕ್ಕು ಹಿಡೀತು.)

ಕಾಡುಗಿಡದ ರೋಗ ತಾನೇ ಅಂತೀರಾ? ಆ ಕಾಡು ಪೇರ್ ಬುಡಕ್ಕೇ ತೋಟದ ಪೇರ್ ಕಸಿ ಕಟ್ಟುತ್ತಾರೆ.

ಕಾಗದದಲ್ಲಿ ಸುತ್ತಿ ಒಣಗಿಸಿದ ಎಲೆಯಷ್ಟೇ ಆತ ಬಿಟ್ಟು ಹೋಗಿದ್ದರೆ ಈ ಜೋಡಿ ಯಾರಿಗೂ ಹೊಳೀತಿರಲಿಲ್ಲವೇನೋ. ಕಾಡಲ್ಲಿ ನಿಂತು ಕಾದಿದ್ದಕ್ಕೇ ಸಿಕ್ಕಿದ್ದು ಅದು.

ಬಾರ್ಕ್ಲೆ 1891ರಲ್ಲೇ ತೀರಿಕೊಂಡ. ಅದರ ಹಿಂದಿನ ವರ್ಷವಷ್ಟೇ ಜರ್ಮನಿಯ ಡೀಟೆಲ್, ಹಿಮಾಲಯದ ಸ್ಪ್ರೂಸ್ ಮರದ ತುಕ್ಕೊಂದಕ್ಕೆ ಬಾರ್ಕ್ಲೆಯೆಲ್ಲಾ ಅಂತ ಹೊಸ ಕುಲವನ್ನೇ ಮಾಡಿದ್ದ. ಆಮೇಲಿನವರು ಅದನ್ನು ಕ್ರೈಸೋಮಿಕ್ಸಾ ಕುಲಕ್ಕೆ ಸೇರಿಸಿಬಿಟ್ಟರು. ಕುಲ ಹೋಯಿತು. ಸೈಪ್ರಸ್ ತುಕ್ಕಿನ ಉದ್ದ ಹೆಸರಿನ ಕೊನೆಗೆ, ಹೆಸರಿಟ್ಟವನು ಅಂತ, 'ಬಾರ್ಕ್ಲೆ' ಇನ್ನೂ ಇದೆ.